ಖಂಡೇ ಪೂಜೆಯ ದಿನ ಒಡ್ಡು ಕಡಿದರು

ಹೋದ ವರ್ಷದ ಖಂಡೇ ಪೂಜೆಯ ದಿನ ನಡೆದದ್ದು ಇದು. ವರ್ಷ ತುಂಬುತ್ತ ಬಂತು, ಇನ್ನೂ ನೆನೆಸಿಕೊಂಡರೆ ಮೈ ಉರಿಯುತ್ತದೆ. “ಸಿಟ್ಟು ಇಳೀತೇನ?” ಎಂದು ನಮ್ಮ ಮನೆಯವರು ಆಗಾಗ ಕೇಳುತ್ತಾರೆ. ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ಇಲ್ಲ. “ಬರದರ ಹಗುರ ಆಗ್ತದ, ಬರಿ” ಎಂದು ಪೆನ್ನು ಹಾಳೆ ತಂದು ಮುಂದಿಟ್ಟವರೂ ಅವರೇ. ಹಗುರಾಗುತ್ತದೋ ಇಲ್ಲವೋ ದೇವರೇ ಬಲ್ಲ.

ನನ್ನ ಹೆಸರು ಸುಮಂಗಲಾ, ಮನೆ ಧಾರವಾಡ. ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ, ಹೆದ್ದಾರಿಯಿಂದ ಸ್ವಲ್ಪ ಒಳಗೆ, ಒಂದು ಕ್ಲಬ್ಬಿನ ಗಾಲ್ಫ್ ಮೈದಾನವಿದೆ. ಅದರ ಹುಲ್ಲು ನೋಡಿಕೊಳ್ಳುವ ಸೂಪರ್‌ವೈಸರ್ ನಾನು. ಕೃಷಿ ಡಿಪ್ಲೊಮಾ ಓದಿ ಈ ಕೆಲಸಕ್ಕೆ ಸೇರಿದಾಗ ನೆಂಟರಿಗೆಲ್ಲ ನಗು. “ನಮ್ಮ ಸುಮಂಗಲಾಗ ಹುಲ್ಲು ಕಾಯೂ ನೌಕರಿ ಸಿಕ್ಕೈತಿ, ನಮ್ಮ ಎಮ್ಮಿ ಹೊಡಕೊಂಡು ಬರೂಣೇನ?” ಎಂದು ನನ್ನ ದೊಡ್ಡ ನಾದಿನಿ ಮದುವೆ ಮನೆಯಲ್ಲಿ ಎಲ್ಲರ ಮುಂದೆ ಕೇಳಿದ್ದಳು. “ಎಮ್ಮಿ ಬ್ಯಾಡ, ನೀನ ಬಾ” ಎಂದಿದ್ದೆ. ಅಂದಿನಿಂದ ಅವಳು ನನ್ನ ಕೆಲಸದ ಸುದ್ದಿಗೆ ಬಂದಿಲ್ಲ.

ಗಾಲ್ಫ್ ಗೊತ್ತಿಲ್ಲದವರಿಗೆ ಎರಡು ಮಾತು. ಕೋಲಿನಿಂದ ಚೆಂಡು ಹೊಡೆಯುತ್ತ ಹೋಗಿ ಕೊನೆಗೆ ಅದನ್ನು ಒಂದು ಕುಳಿಯಲ್ಲಿ ಬೀಳಿಸುವುದು ಆಟ. ಆ ಕುಳಿಯ ಸುತ್ತ ಒಂದು ದೊಡ್ಡ ಅಂಗಳದಷ್ಟು ಜಾಗದಲ್ಲಿ ಹುಲ್ಲು ಜಮಖಾನೆ ಹಾಸಿದ ಹಾಗೆ ನುಣುಪಾಗಿ ಇರಬೇಕು. ಅದಕ್ಕೆ ಗ್ರೀನ್ ಅನ್ನುತ್ತಾರೆ. ಬೇಸಿಗೆಯಲ್ಲಿ ಅದನ್ನು ಬದುಕಿಸುವುದು ಕಷ್ಟವಲ್ಲ, ನೀರು ಬಿಟ್ಟರಾಯಿತು. ಮಳೆ ನಿಲ್ಲದಿದ್ದರೆ ನೋಡಿ ಫಜೀತಿ. ನಮ್ಮದು ಎರೆಭೂಮಿ. ಒಮ್ಮೆ ನೀರು ಕುಡಿಯಿತೆಂದರೆ ಮತ್ತೆ ಬಿಟ್ಟುಕೊಡುವುದಿಲ್ಲ.

ಹೋದ ವರ್ಷ ಗಣಪತಿ ಕಳಿಸಿದ ದಿನ ಹಿಡಿದ ಮಳೆ ದಸರೆ ಬಂದರೂ ಬಿಟ್ಟಿರಲಿಲ್ಲ. ಉತ್ತರೆ ಸುರಿಯಿತು, ಹಸ್ತ ಅದಕ್ಕಿಂತ ಜೋರಾಗಿ ಸುರಿಯಿತು. ಹುಲ್ಲು ಕತ್ತರಿಸುವ ಯಂತ್ರ ಒಳಗೆ ಇಳಿಸಿದರೆ ಗಾಲಿ ಹೂತು ಗುಂಡಿ ಬೀಳುತ್ತಿತ್ತು. ಹೆಣ್ಣಾಳುಗಳನ್ನು ಕೂರಿಸಿ ಕುಡುಗೋಲಿನಿಂದ ಕೊಯ್ಯಿಸಿದೆ. ಬೆಳಗ್ಗೆ ಬಂದು ನೋಡಿದರೆ ಹುಲ್ಲಿನ ಮೇಲೆ ಬಿಳೀ ಬೂಷ್ಟು. ಉದ್ದನೆಯ ಬಿದಿರು ಹಿಡಿದು ಇಬ್ಬನಿ ಕೊಡವಬೇಕು, ಕಬ್ಬಿಣದ ಹಲ್ಲಿನಿಂದ ಚುಚ್ಚಿ ಬೇರಿಗೆ ಗಾಳಿ ಕೊಡಬೇಕು, ಮೇಲೆ ಮರಳು ಹರವಬೇಕು, ಮಧ್ಯಾಹ್ನದ ಮಳೆಗೆ ಆ ಮರಳೂ ಹರಿದುಹೋಗಬೇಕು. ಮರುದಿನ ಮತ್ತೆ ಮೊದಲಿನಿಂದ. ಇದರ ನಡುವೆ ಮೆಂಬರುಗಳು ಮೊಳೆ ಬೂಟು ಹಾಕಿಕೊಂಡು ಒದ್ದೆ ಗ್ರೀನ್ ಮೇಲೆ ನಿಂತು, “ಏನ್ರಿ ಮೇಡಮ್, ಈ ಸಲ ಮೆಂಟೆನನ್ಸ್ ಯಾಕೋ ಛಲೋ ಇಲ್ಲ” ಅನ್ನುತ್ತಿದ್ದರು. ಆ ಬೂಟು ಕಿತ್ತುಕೊಂಡು ನಾಲಾಕ್ಕೆ ಒಗೆಯೋಣ ಅನ್ನಿಸುತ್ತಿತ್ತು. ನೌಕರಿ, ಸುಮ್ಮನಿರುತ್ತಿದ್ದೆ.

ಎಲ್ಲಕ್ಕಿಂತ ತಲೆನೋವು ಐದನೇ ಗ್ರೀನ್. ಮೈದಾನದ ತಗ್ಗಿನಲ್ಲಿರುವುದು ಅದೇ. ನಮ್ಮ ಸೆಕ್ರೆಟರಿ ಸಾಹೇಬರಿಗೆ ಅದರ ಮೇಲೆ ವಿಪರೀತ ಪ್ರೀತಿ, ಯಾಕೆಂದರೆ ಅವರೇ ಮುಂದೆ ನಿಂತು ಬೇರೆ ಊರಿಂದ ಹುಲ್ಲು ತರಿಸಿ ಹಾಕಿಸಿದ್ದು. ದಸರೆ ಮುಗಿದ ಭಾನುವಾರ ದೊಡ್ಡ ಪಂದ್ಯ ಇಟ್ಟುಕೊಂಡಿದ್ದರು. ಹೊರಗಿನ ಅತಿಥಿಗಳು ಬರುವವರಿದ್ದರು. ಹೀಗಾಗಿ ದಿನಕ್ಕೆ ನಾಲ್ಕು ಸಲ ಫೋನು, “ನನ್ನ ಐದನೇ ಗ್ರೀನ್ ಹೆಂಗದ?” ಎಂದು. ಮನೆಯಲ್ಲಿ ಹೆತ್ತ ಮಗುವಿನ ಬಗ್ಗೆಯೂ ಅಷ್ಟು ಕೇಳಿರಲಿಕ್ಕಿಲ್ಲ.

ಆ ಗ್ರೀನಿನ ಪಕ್ಕಕ್ಕೆ ಒಂದು ಮಣ್ಣಿನ ಒಡ್ಡು. ಒಡ್ಡಿನ ಆಚೆ ತಗ್ಗಿನಲ್ಲಿ ಕುಂಬಾರ ಗಂಗವ್ವನ ಮನೆ, ಮನೆಗೆ ಹತ್ತಿದ ತಗಡಿನ ಚಪ್ಪರ. ಅವಳ ಮಾವನ ಕಾಲದಿಂದಲೂ ಅವರು ಅಲ್ಲೇ ಇದ್ದಾರೆ, ಕ್ಲಬ್ಬು ಬಂದದ್ದು ಆಮೇಲೆ. ನಮ್ಮ ಮೈದಾನದ ಹೊಂಡದ ಮಣ್ಣು ಒಯ್ಯುತ್ತಾಳೆಂದು ಮೊದಮೊದಲು ಅವಳಿಗೂ ನನಗೂ ದೊಡ್ಡ ಜಗಳ. “ಕೆರಿ ಮಣ್ಣು ಕುಂಬಾರಗ ಬ್ಯಾಡ ಅಂತೀರಿ, ಹಂಗಾರ ಯಾರಿಗೆ ಬೇಕ್ರಿ ಅದು, ನಿಮ್ಮ ಚಂಡಿಗೇನ?” ಎಂದು ಸೊಂಟದ ಮೇಲೆ ಕೈಯಿಟ್ಟು ಕೇಳಿದ್ದಳು. ನನಗೆ ಅವಳ ಬಾಯಿ ಹಿಡಿಸಿತು. ಹೂಳು ತೆಗೆಸುವ ಖರ್ಚು ನಮಗೂ ಉಳಿಯಿತು. ಆಮೇಲಾಮೇಲೆ ಮಧ್ಯಾಹ್ನದ ಚಹಾ ಅವಳ ಚಪ್ಪರದಲ್ಲೇ ಆಗತೊಡಗಿತು. ನನ್ನನ್ನು ‘ಹುಲ್ಲಿನ ಅಕ್ಕಾರ’ ಎಂದು ಕರೆಯುತ್ತಿದ್ದಳು.

ಆ ಮಳೆ ನನಗಿಂತ ಅವಳನ್ನು ಜಾಸ್ತಿ ಕಾಡಿತು. ದೀಪಾವಳಿಯ ಪಣತಿಯೇ ಅವಳ ಮನೆಯ ವರ್ಷದ ಕೂಳು. ಗಂಡ ಹೆಂಡತಿ ಸೊಸೆ ಮೂವರೂ ಶ್ರಾವಣದಿಂದ ತಿಗರಿಯ ಚಕ್ರ ಬಿಟ್ಟು ಎದ್ದಿರಲಿಲ್ಲ. ಪಣತಿ ಮಾಡಿದ್ದರು, ಆದರೆ ಬಿಸಿಲಿಲ್ಲ, ಒಣಗಲೊಲ್ಲವು. ಒಣಗದೆ ಸುಡಲು ಆವಿಗೆಗೆ ಹಾಕಿದರೆ ಒಡೆದು ಚೂರಾಗುತ್ತವೆ. ಹಾಗಾಗಿ ಚಪ್ಪರದ ತುಂಬ ಇಟ್ಟಿಗೆಯ ಮೇಲೆ ಹಲಗೆ, ಹಲಗೆಯ ಮೇಲೆ ಸಾಲು ಸಾಲಾಗಿ ಹಸೀ ಪಣತಿ. ಸುಡದ ಪಣತಿಗೆ ನೀರು ತಾಗಿದರೆ ಮುಗಿಯಿತು, ಅದು ಮತ್ತೆ ಕೆಸರು. “ಒಂದ ನಾಕ ದಿನ ಬಿಸಲ ಕೊಟ್ಟಬಿಡೋ ಯಪ್ಪಾ, ಮುಂದ ಬೇಕಾರ ಕೆರಿ ತುಂಬಸಿಕೋ” ಎಂದು ಅವಳು ಮೋಡಕ್ಕೇ ಕೈ ತೋರಿಸಿ ಬೈಯುತ್ತಿದ್ದಳು. ನಾನೂ ದನಿಗೂಡಿಸುತ್ತಿದ್ದೆ. ಬೈಯುವುದರಲ್ಲಿ ನಾವಿಬ್ಬರೂ ಒಂದೇ ತಕ್ಕಡಿ.

ಐದನೇ ಗ್ರೀನಿನಲ್ಲಿ ನಿಂತ ನೀರನ್ನು ಒಡ್ಡಿನ ಆಚೆ ಬಿಡಬಾರದು ಎನ್ನುವುದು ನಾನು ಬಂದಾಗಿನಿಂದ ಪಾಲಿಸಿಕೊಂಡು ಬಂದ ರೀತಿ. ಗಾಲಿ ಇರುವ ಒಂದು ಡೀಸೆಲ್ ಪಂಪು ಇಟ್ಟುಕೊಂಡಿದ್ದೇವೆ. ಅದರಿಂದ ನೀರೆತ್ತಿ ಇನ್ನೊಂದು ಮಗ್ಗುಲಿಗೆ, ರಸ್ತೆ ಬದಿಯ ನಾಲಾಕ್ಕೆ ಬಿಡುತ್ತೇವೆ. ಹಳೆಯ ಪಂಪು. ಹ್ಯಾಂಡಲ್ ಹಾಕಿ ತಿರುಗಿಸಬೇಕು. ಅದು ಬಗ್ಗುವುದು ರಜಾಕ್ ಚಾಚಾ ಒಬ್ಬರಿಗೇ. ರಜಾಕ್ ಚಾಚಾ ನಮ್ಮ ಮೆಕ್ಯಾನಿಕ್. ತಾರಿಹಾಳದಲ್ಲಿ ಅವರದೊಂದು ಚಿಕ್ಕ ಗ್ಯಾರೇಜು, ನಮ್ಮ ಯಂತ್ರಗಳನ್ನೂ ಮೊದಲಿಂದ ಅವರೇ ನೋಡುತ್ತಾರೆ.

ಖಂಡೇ ಪೂಜೆ ಅಂದರೆ ನಮ್ಮ ಕಡೆ ಆಯುಧಪೂಜೆ. ದುಡಿಯುವ ಸಾಮಾನನ್ನೆಲ್ಲ ತೊಳೆದು ಪೂಜೆಗೆ ಕೂರಿಸಿದರೆ ಮರುದಿನ ಇಳಿಸುವ ತನಕ ಅದನ್ನು ಯಾರೂ ಮುಟ್ಟುವುದಿಲ್ಲ. ವರ್ಷವಿಡೀ ದುಡಿದ ಯಂತ್ರಕ್ಕೂ ಒಂದು ದಿನ ವಿಶ್ರಾಂತಿ. ನಮ್ಮ ಮನೆಯಲ್ಲಿ ಹೊಲಿಗೆ ಮಶೀನಿನಿಂದ ಹಿಡಿದು ಈಳಿಗೆಮಣೆಯವರೆಗೆ ಎಲ್ಲ ಪೂಜೆಗೆ ಕೂರುತ್ತವೆ, ಅವತ್ತು ಕಾಯಿಪಲ್ಯೆ ಹೆಚ್ಚಬೇಕಾದರೆ ಪಕ್ಕದ ಮನೆ ಚಾಕು ತರಬೇಕು. ಹಾಗೆ ಬೆಳೆದವಳು ನಾನು. ನಂಬಿಕೆ ಇಲ್ಲದವಳಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಅವತ್ತು ಬೆಳಗ್ಗೆ ಅಪರೂಪಕ್ಕೆ ಆಕಾಶ ತಿಳಿಯಾಗಿತ್ತು. ರಜಾಕ್ ಚಾಚಾ ಮತ್ತು ನಮ್ಮ ಹಿರಿಯ ಮಾಲಿ ಮಲ್ಲಪ್ಪ ಸೇರಿ ಯಂತ್ರಗಳನ್ನೆಲ್ಲ ಮಿರಿಮಿರಿ ಮಿಂಚುವಂತೆ ತೊಳೆದು ಶೆಡ್ಡಿನಲ್ಲಿ ಸಾಲಾಗಿ ನಿಲ್ಲಿಸಿದ್ದರು. ಮಲ್ಲಪ್ಪ ಅಮ್ಮಿನಬಾವಿಯವನು, ವಿಭೂತಿ ಹಚ್ಚುವುದು ಅವನ ಪಾಲು. ಚೆಂಡುಹೂವಿನ ಮಾಲೆ ಕಟ್ಟುವುದು, ಗಾಲಿಗೆ ಲಿಂಬೆಹಣ್ಣು ಇಡುವುದು ಪ್ರತಿವರ್ಷ ಚಾಚಾನದೇ ಕೆಲಸ. ಕೊನೆಗೆ ಪಂಪಿನ ಪೈಪು ಬಿಚ್ಚಿ, ಸುತ್ತಿ, ಅದಕ್ಕೂ ಒಂದು ಮಾಲೆ ಹಾಕಿ ಕೂರಿಸಿದರು. ಇಂಥ ಮಳೆಗಾಲದಲ್ಲಿ ಅದೊಂದನ್ನು ಹೊರಗೆ ಇಟ್ಟಿರೋಣ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಪೂಜೆಗೆ ಒಂದನ್ನು ಬಿಟ್ಟು ಒಂದನ್ನು ಕೂರಿಸುವುದುಂಟೇ?

ಸೆಕ್ರೆಟರಿ ಸಾಹೇಬರು ರೇಷ್ಮೆ ಜುಬ್ಬ ಹಾಕಿಕೊಂಡು ಬಂದು ಮಂಗಳಾರತಿ ಮಾಡಿದರು, ಬೂದುಗುಂಬಳ ಒಡೆದರು, ಫೋಟೊ ತೆಗೆಸಿಕೊಂಡರು. ಹೋಗುವಾಗ, “ನಾಳಿ ಮಧ್ಯಾಹ್ನದ ತನಕಾ ಯಾರೂ ಯಾವ ಮಶೀನೂ ಮುಟ್ಟಬ್ಯಾಡ್ರಿ ಮತ್ತ, ಅಪಚಾರ ಆಗ್ತದ” ಎಂದರು. ಎಲ್ಲರಿಗೂ ಚುರುಮುರಿ ಪೇಡೆ ಹಂಚಿ ನಾನೂ ಮನೆಗೆ ಬಂದೆ.

ಮಧ್ಯಾಹ್ನ ಹೋಳಿಗೆ ಬಡಿಸುತ್ತಿದ್ದೆ. ಕತ್ತಲಾದ ಹಾಗಾಯಿತು, ನೋಡನೋಡುತ್ತಿದ್ದಂತೆ ಆಕಾಶ ಹರಿದು ಬಿತ್ತು. ಎಂಥ ಮಳೆ ಎಂದರೆ ಎದುರು ಮನೆ ಕಾಣುತ್ತಿರಲಿಲ್ಲ. ಬಡಿಸುವ ಗಡಿಬಿಡಿಯಲ್ಲಿ ಫೋನು ಕೇಳಿಸಿರಲಿಲ್ಲ. ಆಮೇಲೆ ನೋಡಿದರೆ ಮಲ್ಲಪ್ಪ ಎಷ್ಟೋ ಸಲ ಮಾಡಿದ್ದ. ನಾನೇ ಮಾಡಿದೆ.

“ಅಕ್ಕಾರ, ಐದನೇದು ಮುಳಗೇತ್ರಿ. ನೀವು ಫೋನ್ ಎತ್ತಲಿಲ್ಲ, ಸಾಹೇಬ್ರಿಗೆ ಹೇಳಿದೆ. ಅವರು ಒಡ್ಡು ಕಡಿ ಅಂದ್ರು.”

“ಯಾವ ಒಡ್ಡು?”

“ಗಂಗವ್ವನ ಕಡೀದ್ರಿ.”

“ಮಲ್ಲಪ್ಪಾ, ಗುದ್ದಲಿ ಮುಟ್ಟಿದರ ನೋಡು!” ಎಂದೆ. ಅವನು ಸಣ್ಣ ದನಿಯಲ್ಲಿ, “ಕಾವು ಮುರದ ಗುದ್ದಲಿ ಒಂದು ಪೂಜಾಕ್ಕ ಇಟ್ಟಿರಲಿಲ್ಲ, ಅದರಲೇ ಕಡದೇನ್ರಿ ಅಕ್ಕಾರ. ಒಂದ ಮೊಳ ಅಷ್ಟ ಕಡೀರಿ ಅಂದಿದ್ರು. ನೀರ ತಾನ ಅಗಲ ಮಾಡಕೊಳ್ಳಾಕತ್ತೈತಿ” ಎಂದ.

ಸಾಹೇಬರಿಗೆ ಫೋನು ಹಚ್ಚಿದೆ. ಅವರು ದೇಶಪಾಂಡೆ ನಗರದ ಮನೆಯಲ್ಲಿ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡಿದ್ದರೆಂದು ಕಾಣುತ್ತದೆ, ಮಾತು ಬಾಯಿ ತುಂಬಿ ಬರುತ್ತಿತ್ತು.

“ಸರ್, ಒಡ್ಡು ಯಾಕ ಕಡಿಸಿದ್ರಿ? ಕೆಳಗ ಗಂಗವ್ವನ ಪಣತಿ ಅದಾವು!”

“ಮತ್ತೇನ್ ಮಾಡೂದ್ರಿ ಸುಮಂಗಲಾಬಾಯಿ? ಭಾನುವಾರ ಮ್ಯಾಚ್ ಅದ. ಗ್ರೀನ್ ಕೊಳೀತಂದ್ರ ಮಂದಿ ಮುಂದ ನನ್ನ ಮಾರಿ ಏನಾಗಬೇಕು?”

“ಪಂಪ್ ಐತೆಲ್ಲರಿ!”

“ಪೂಜಾಕ್ಕ ಕೂತ ಮಶೀನ್ ಹೆಂಗ ಎಬ್ಬಸ್ತೀರಿ? ನೀವು ತಿಳದವರು ಹಿಂಗಂದ್ರ ಹೆಂಗ?”

“ಅಕಿ ಎರಡು ತಿಂಗಳ ಕೆಲಸ ನೀರಪಾಲ ಆಗತೈತ್ರಿ ಸರ್.”

ಆಗ ಆ ಮನುಷ್ಯ ಅಂದ ಮಾತು ಸಾಯುವ ತನಕ ಮರೆಯುವುದಿಲ್ಲ. “ಮಣ್ಣ ತಾನ? ತೊಯ್ದರ ಮಣ್ಣೆಲ್ಲಿ ಹೋಗ್ತದ? ಮತ್ತ ಮಾಡ್ತಾಳ ತಗೋರಿ.”

ಸಿಟ್ಟು ನೆತ್ತಿಗೇರಿತು. ಫೋನು ಕುಕ್ಕಿದೆ. ಇನ್ನೊಂದು ಫೋನು ರಜಾಕ್ ಚಾಚಾನಿಗೆ. “ಚಾಚಾ, ಪಂಪ್ ಶುರು ಮಾಡಬೇಕು, ಲಗೂ ಬರ್ರಿ” ಎಂದೆ. “ಪೂಜಾಕ್ಕ ಕುಂತೈತೆಲ್ಲ ಬೇಟಿ…” ಎಂದರು. ಗಂಗವ್ವನ ವಿಷಯ ಹೇಳಿದೆ. ಫೋನಿನಲ್ಲೇ ಅವರ ಬೈಕು ಚಾಲೂ ಆದ ಸದ್ದು ಕೇಳಿಸಿತು. ಹೋಳಿಗೆ ಪಾತ್ರೆ ಅಲ್ಲೇ ಬಿಟ್ಟು, ಉಟ್ಟ ಇಳಕಲ್ ಸೀರೆಯಲ್ಲೇ ಸ್ಕೂಟಿ ಹತ್ತಿದೆ. “ರೇನ್‌ಕೋಟರೆ ಹಾಕ್ಕೋ!” ಎಂದು ಮನೆಯವರು ಹಿಂದಿನಿಂದ ಕೂಗಿದರು. ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ದಾರಿಯುದ್ದಕ್ಕೂ ಒಬ್ಬಳೇ ಬೈಯುತ್ತ ಹೋದೆ. ಹಾದುಹೋದವರು ಹುಚ್ಚಿ ಎಂದುಕೊಂಡಿರಬೇಕು.

ಹೋಗಿ ನೋಡುತ್ತೇನೆ, ಒಂದು ಮೊಳದ ಕಂಡಿ ಚಕ್ಕಡಿ ಹೋಗುವಷ್ಟು ಅಗಲವಾಗಿತ್ತು. ಕೆಂಪು ಕಪ್ಪು ಬೆರೆತ ನೀರು ಗಂಗವ್ವನ ಅಂಗಳಕ್ಕೆ ನುಗ್ಗುತ್ತಿತ್ತು. ಚಪ್ಪರದೊಳಗೆ ಮುಂದಿನ ಹಲಗೆಗಳ ಇಟ್ಟಿಗೆ ಆಗಲೇ ಮುಳುಗಿದ್ದವು. ಗಂಡ ಹುಬ್ಬಳ್ಳಿ ಪೇಟೆಗೆ ಹೋದವನು ಮಳೆಯಲ್ಲಿ ಅಲ್ಲೇ ಸಿಕ್ಕಿಬಿದ್ದಿದ್ದ. ಗಂಗವ್ವ, ಸೊಸೆ ಇಬ್ಬರೇ ಒಂದೊಂದು ಹಲಗೆಯನ್ನು ಎರಡು ತುದಿ ಹಿಡಿದು ಮನೆಯೊಳಗೆ ಸಾಗಿಸುತ್ತಿದ್ದರು. ಮನೆಯೇನು ಅರಮನೆಯೇ? ಎರಡು ಖೋಲಿ. ಹಾಸಿಗೆ ಸುತ್ತಿ ಮೂಲೆಗೆ ಎಸೆದು, ಒಲೆಯ ಕಟ್ಟೆಯ ಮೇಲೂ ಪಣತಿ ಇಟ್ಟಿದ್ದರು. ಒದ್ದೆ ಕೈ ತಾಗಿದ ಕಡೆಯೆಲ್ಲ ಪಣತಿಯ ಅಂಚು ಕಿತ್ತು ಬರುತ್ತಿತ್ತು. ಗಂಗವ್ವ ಅಳುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಯಾವಾಗಲೂ ವಟವಟ ಅನ್ನುವ ಆ ಬಾಯಿ ಮುಚ್ಚಿದ್ದು ನೋಡಿ ನನಗೆ ಭಯವಾಯಿತು.

ಮಲ್ಲಪ್ಪ ಗುದ್ದಲಿ ಹಿಡಿದು ನಿಂತಿದ್ದ. “ನಿಂತು ಏನ ನೋಡ್ತಿ ಹಾಳಾದವನ, ಉಸುಕಿನ ಚೀಲ ತಾ!” ಎಂದು ಚೀರಿದೆ. ಮೈದಾನದಲ್ಲಿ ಮರಳಿನ ಚೀಲಕ್ಕೆ ಕೊರತೆಯಿರಲಿಲ್ಲ. ಮಲ್ಲಪ್ಪ, ಕಾವಲುಗಾರ, ನಾನು ಮೂವರೂ ಎಳೆತಂದು ಕಂಡಿಗೆ ಅಡ್ಡ ಹಾಕಿದೆವು. ಸೆರಗು ಸೊಂಟಕ್ಕೆ ಕಟ್ಟಿ ಮೊಣಕಾಲು ನೀರಿನಲ್ಲಿ ನಿಂತು ಚೀಲ ತುಳಿದೆ. ನೀರು ಕಡಿಮೆಯಾಯಿತು, ಆದರೆ ನಿಲ್ಲಲಿಲ್ಲ. ಈ ಕಡೆ ತುಂಬಿದಷ್ಟೂ ಚೀಲಗಳು ಅಲುಗಾಡತೊಡಗಿದವು. ಪಂಪು ಹಚ್ಚಿ ನೀರು ಇಳಿಸದಿದ್ದರೆ ಎಲ್ಲ ಕಿತ್ತುಕೊಂಡು ಒಂದೇ ಸಲ ಹೋಗುವುದು ಖಂಡಿತವಿತ್ತು. ಹಾಗೆ ಹೋದರೆ ಪಣತಿಯಷ್ಟೇ ಅಲ್ಲ, ಆ ಮಣ್ಣಿನ ಗೋಡೆಯ ಮನೆಯೂ ಉಳಿಯುತ್ತಿರಲಿಲ್ಲ.

ಶೆಡ್ಡಿಗೆ ಓಡಿದೆವು. ಚಾಚಾ ಆಗ ತಾನೇ ಬಂದು ತಲುಪಿದ್ದರು, ಗಡ್ಡದಿಂದ ನೀರು ಇಳಿಯುತ್ತಿತ್ತು. ಯಂತ್ರಗಳ ಮುಂದೆ ದೀಪ ಇನ್ನೂ ಉರಿಯುತ್ತಿತ್ತು. ಮಲ್ಲಪ್ಪ ಬಾಗಿಲಲ್ಲೇ ನಿಂತುಬಿಟ್ಟ. “ಕೈ ಬರಂಗಿಲ್ರಿ ಅಕ್ಕಾರ. ಮನ್ಯಾಗ ಸಣ್ಣ ಹುಡುಗ್ರು ಅದಾವು” ಎಂದ. ಚಾಚಾ ಹ್ಯಾಂಡಲ್ ಹಿಡಿದು, “ಹೂವಿನ ಮಾಲಿ ನಾ ಹಾಕೇನಿ. ಆದರ ತಗಿಯೂದು ನಿಮ್ಮ ಕಡಿಂದ ಆಗಲಿ ಬೇಟಿ, ನಾಳಿ ಯಾರೂ ಮಾತಾಡಬಾರದು” ಎಂದರು.

ನಾನು ಕೈ ಹಾಕಿದೆ. ಸುಳ್ಳು ಯಾಕೆ ಹೇಳಲಿ, ಅವ್ವನ ನೆನಪಾಯಿತು. ಸಣ್ಣವಳಿದ್ದಾಗ ಪೂಜೆಗಿಟ್ಟ ಕತ್ತರಿ ಮುಟ್ಟಿದ್ದಕ್ಕೆ ಅವ್ವ ಬೆನ್ನಿಗೆ ಗುದ್ದಿದ್ದಳು. ಅಷ್ಟರಲ್ಲಿ ಹಿಂದಿನಿಂದ ಗಂಗವ್ವನ ಕೂಗು. ಪಂಪು ತೆಗೆಯುತ್ತಾರೆಂದು ಕಾವಲುಗಾರ ಹೇಳಿದ್ದನಂತೆ, ಕೆಸರು ಮೈಯಲ್ಲೇ ಓಡಿ ಬಂದಿದ್ದಳು.

“ಬ್ಯಾಡ್ರಿ ಅಕ್ಕಾರ! ನನ್ನ ಸಲುವಾಗಿ ಪೂಜಾ ಮುರೀಬ್ಯಾಡ್ರಿ! ನಂದೂ ತಿಗರಿ ಪೂಜಾಕ್ಕ ಕುಂತೈತಿ. ಹೋದ್ರ ಹೋಗಲಿ ಪಣತಿ, ಯಾರರ ಮನಿಗೆ ಏನರೆ ಆದ್ರ ನನ್ನ ತಲಿಗೆ ಬರತೈತಿ!”

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮನೆ ಮುಳುಗುತ್ತಿದೆ, ಇವಳು ಬೇರೆಯವರ ಮನೆಯ ಚಿಂತೆ ಮಾಡುತ್ತಿದ್ದಾಳೆ! “ನಿನಗ ಬುದ್ಧಿ ಐತೇನ ಗಂಗವ್ವಾ? ಅಂವ ಅಲ್ಲಿ ಹೊಟ್ಟಿ ತುಂಬ ಉಂಡು ಕುಂತಾನ, ನೀ ಇಲ್ಲೆ ಅವನ ಪೂಜಾ ಕಾಯಾಕತ್ತಿ! ಹೋಗು, ಹಲಗಿ ಎತ್ತು! ದೇವರಿಗೆ ಸಿಟ್ಟು ಬಂದ್ರ ನನ್ನ ಕೇಳಲಿ, ನಾ ಉತ್ತರಾ ಕೊಡತೇನಿ!” ಎಂದು ಗಂಟಲು ಹರಿಯುವಂತೆ ಕೂಗಿದೆ. ಆ ಭರದಲ್ಲೇ ಮಾಲೆ ತೆಗೆದು ಪಕ್ಕದ ಯಂತ್ರದ ಮೇಲೆ ಇಟ್ಟೆ. ಎಲ್ಲರೂ ಸೇರಿ ಪಂಪನ್ನು ಕೆಸರಿನಲ್ಲಿ ದಬ್ಬಿಕೊಂಡು ಹೋದೆವು. ಮಲ್ಲಪ್ಪನೂ ಕೊನೆಗೆ ಹೆಗಲು ಕೊಟ್ಟ.

ಪೈಪು ಜೋಡಿಸಿದರೂ ಪಂಪು ಸುಲಭಕ್ಕೆ ಶುರುವಾಗಲಿಲ್ಲ. ಚಾಚಾ ತಿರುಗಿಸಿದರು, ಕೆಮ್ಮಿ ನಿಂತಿತು. ಮತ್ತೆ ತಿರುಗಿಸಿದರು, ಮತ್ತೆ ನಿಂತಿತು. ಮಲ್ಲಪ್ಪ ಕಣ್ಣು ಮುಚ್ಚಿ ಶಿವಶಿವ ಅನ್ನುತ್ತಿದ್ದ. ಚಾಚಾ ಅಂಗಿ ಬಿಚ್ಚಿ ಒಗೆದು, ಏನೋ ಗೊಣಗಿ, ಮೈಯೆಲ್ಲ ಬಲ ಹಾಕಿ ತಿರುಗಿಸಿದಾಗ ಗಡಗಡ ಎಂದು ಶುರುವಾಯಿತು. ಪೈಪಿನ ತುದಿಯಿಂದ ನಾಲಾಕ್ಕೆ ನೀರು ಬಿದ್ದ ಸದ್ದು ಕೇಳಿ ನನಗೆ ಗೊಳೋ ಎಂದು ಅಳು ಬಂತು. ಮಳೆಯಲ್ಲಿ ಯಾರಿಗೂ ಕಾಣಲಿಲ್ಲ.

ಸಂಜೆಯ ಹೊತ್ತಿಗೆ ಮಳೆ ನಿಂತಿತು, ನೀರು ಇಳಿಯಿತು. ಗಂಗವ್ವನ ಮನೆ ಉಳಿಯಿತು. ಒಳಗೆ ಸಾಗಿಸಿದ ಪಣತಿ ಉಳಿದವು. ಚಪ್ಪರದಲ್ಲಿ ಉಳಿದಿದ್ದ ಅರ್ಧಕ್ಕಿಂತ ಹೆಚ್ಚು ಪಣತಿ ಕರಗಿ ಹಲಗೆಗಳ ಕೆಳಗೆ ಮುದ್ದೆಯಾಗಿ ಬಿದ್ದಿದ್ದವು. ಗಂಗವ್ವ ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಎತ್ತಿ ನೋಡುತ್ತಿದ್ದಳು, ಒಂದಾದರೂ ಗಟ್ಟಿ ಇದೆಯೇನೋ ಎಂದು.

ಆಗ ಸಾಹೇಬರು ಬಂದರು. ಕಾರು ಇಳಿದು ಛತ್ರಿ ಹಿಡಿದು ನೆಟ್ಟಗೆ ಐದನೇ ಗ್ರೀನಿಗೆ ಹೋದರು. ಬಗ್ಗಿ ಹುಲ್ಲು ಮುಟ್ಟಿ, “ಭೇಷ್, ಉಳೀತು” ಎಂದರು. ಒಡ್ಡಿನ ಆಚೆಗೆ ಒಮ್ಮೆಯೂ ನೋಡಲಿಲ್ಲ. ಆಮೇಲೆ ಓಡುತ್ತಿದ್ದ ಪಂಪು ಕಣ್ಣಿಗೆ ಬಿತ್ತು.

“ಇದನ್ಯಾರು ಎಬ್ಬಿಸಿದ್ರು?” ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಚಾಚಾನ ಕಡೆ ತಿರುಗಿ, “ರಜಾಕ್, ನಿನಗೇನು ಗೊತ್ತಪಾ ನಮ್ಮ ಪೂಜಾ ಪುನಸ್ಕಾರ? ನಿನಗ ಅದೊಂದು ಕಬ್ಬಿಣ. ಏನರೆ ಅನಾಹುತ ಆದ್ರ ಯಾರು ಜವಾಬ್ದಾರ?” ಎಂದರು.

ಚಾಚಾ ಎಣ್ಣೆ ಹತ್ತಿದ ಕೈ ಒರೆಸುತ್ತಿದ್ದವರು ಹಾಗೇ ನಿಂತರು. ಇಪ್ಪತ್ತು ವರ್ಷದಿಂದ ಆ ಯಂತ್ರಗಳಿಗೆ ಮಾಲೆ ಕಟ್ಟಿದ ಕೈ ಅದು. ಅಂಗಿ ಕೊಡವಿ ಹಾಕಿಕೊಂಡು, ಪಂಪು ಬಂದ್ ಮಾಡಿ, ಬೈಕಿನ ಕಡೆ ಹೊರಟರು.

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ನೌಕರಿ ಹೋದರೆ ಹೋಗಲಿ ಅನ್ನಿಸಿತು. “ಸರ್, ಎಬ್ಬಿಸಿದಾಕಿ ನಾನು. ಮಾಲಿ ತಗದಾಕಿ ನಾನು. ಅವರಿಗೆ ಯಾಕ ಅಂತೀರಿ, ನನಗ ಅನ್ರಿ! ನಿಮಗ ಕಬ್ಬಿಣ ಎಬ್ಬಸೂದು ಪಾಪ, ಮಂದಿ ಮನಿ ಮುಳಗಸೂದು ಪಾಪ ಅಲ್ಲೇನು? ಮಣ್ಣ ತಾನ ಮತ್ತ ಮಾಡ್ತಾಳ ಅಂದ್ರೆಲ್ಲ, ನಿಮ್ಮದೂ ಹುಲ್ಲ ತಾನ, ಮತ್ತ ಬೆಳೀತಿತ್ತು, ಬಿಟ್ಟಬಿಡಬೇಕಿತ್ತು!” ಎಂದೆ. ಅವರ ಮುಖ ಕೆಂಪಗಾಯಿತು. “ನಾಡದು ಆಫೀಸಿನ್ಯಾಗ ಮಾತಾಡೂಣು” ಎಂದು ಕಾರು ಹತ್ತಿದರು. ನೌಕರಿ ಮಾತ್ರ ಹೋಗಲಿಲ್ಲ. ಪಂದ್ಯ ಮುಂದಿತ್ತಲ್ಲ, ಹುಲ್ಲು ನೋಡಿಕೊಳ್ಳುವವರು ಬೇಕಿತ್ತು.

ಮರುದಿನ ದಶಮಿ. ನಮ್ಮ ಕಡೆ ಅವತ್ತು ಬನ್ನಿ ಕೊಡುವುದು. ಬನ್ನಿ ಎಲೆ ಕೈಗಿಟ್ಟು ‘ಬನ್ನಿ ತಗೊಂಡು ಬಂಗಾರದಂಗ ಇರೂಣ’ ಅಂದರೆ ವರ್ಷದ ಜಗಳ ಮುಗಿಯಿತೆಂದು ಲೆಕ್ಕ. ಎಂಥ ವೈರಿ ಕೊಟ್ಟರೂ ಬೇಡ ಅನ್ನುವ ಪದ್ಧತಿ ಇಲ್ಲ. ಮೈದಾನದ ಅಂಚಿನ ಬನ್ನಿ ಗಿಡದ ಹತ್ತಿರ ಕ್ಲಬ್ಬಿನವರೆಲ್ಲ ಸೇರಿದ್ದರು. ಸಾಹೇಬರು ಒಬ್ಬೊಬ್ಬರಿಗೇ ಕೊಡುತ್ತ ನನ್ನ ಮುಂದೆ ಬಂದು ನಿಂತರು. ಮುಖದ ತುಂಬ ನಗು.

“ಬನ್ನಿ ತಗೋರಿ ಸುಮಂಗಲಾಬಾಯಿ, ಬಂಗಾರದಂಗ ಇರೂಣು. ಆಗಿದ್ದು ಆತು.”

ಎಲ್ಲರ ಕಣ್ಣು ನನ್ನ ಮೇಲೆ. ನಾನು ಕೈ ಮುಂದೆ ಮಾಡಲಿಲ್ಲ. “ಗಂಗವ್ವಗ ಕೊಟ್ಟೀರೇನು ಸರ್?” ಎಂದೆ.

“ಕೊಟ್ಟರಾತು, ಅದಕ್ಕೇನು?”

“ರಜಾಕ್ ಚಾಚಾಗ?”

ಅವರು ಸುತ್ತಲಿದ್ದವರನ್ನು ನೋಡಿ ನಕ್ಕರು. ಒಂದಿಬ್ಬರು ಅವರ ಜೊತೆ ನಕ್ಕರು.

“ಮೊದಲ ಅವರಿಬ್ಬರಿಗೂ ಕೊಟ್ಟು ಬರ್ರಿ. ನಾ ಇಲ್ಲೇ ನಿಂತಿರ್ತೇನಿ. ಬಂದು ನನಗ ಕೊಡ್ರಿ, ನಿಮ್ಮ ಕಾಲಿಗೆ ಬಿದ್ದು ತಗೋತೇನಿ.”

ನಗು ನಿಂತಿತು. ಅವರು ಚಾಚಿದ ಕೈ ಹಿಂದೆ ತೆಗೆದುಕೊಂಡರು. ಆಮೇಲೆ ಎಲೆಯನ್ನು ಜುಬ್ಬದ ಕಿಸೆಯೊಳಗೆ ಹಾಕಿಕೊಂಡು ಮುಂದಿನವರ ಹತ್ತಿರ ಹೋದರು. ನಾನು ಹೇಳಿದಂತೆ ಅಲ್ಲೇ ನಿಂತೆ. ಬನ್ನಿ ಗಿಡದಿಂದ ಗಂಗವ್ವನ ಚಪ್ಪರ ಒಂದು ಕೂಗಿನ ದೂರ, ನಿಂತಲ್ಲಿಂದ ಕಾಣುತ್ತದೆ. ಮಂದಿ ಚಹಾ ಕುಡಿದರು, ಚದುರಿದರು, ಕಾರುಗಳು ಹೋದವು. ಸಾಹೇಬರ ಕಾರೂ ಹೋಯಿತು.

ತಾರಿಹಾಳಕ್ಕೆ ಹೋಗಿ ಚಾಚಾನಿಗೆ ಬನ್ನಿ ಕೊಟ್ಟು ಬಂದೆ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಹೊತ್ತು ಇಳಿಯುವಾಗ ಗಂಗವ್ವನ ಮನೆಗೆ ಹೋದೆ. ಪೂಜೆ ಇಳಿಸಿ, ಕರಗಿದ ಪಣತಿಯನ್ನೆಲ್ಲ ಗುಡ್ಡೆ ಹಾಕಿಕೊಂಡು ಕಾಲಿನಿಂದ ತುಳಿದು ಮತ್ತೆ ಹದ ಮಾಡುತ್ತಿದ್ದಳು. ಪಣತಿಯ ಸಂತೆ ತಪ್ಪಿಸುವಂತಿರಲಿಲ್ಲ. ಕೈಕಾಲೆಲ್ಲ ಮಣ್ಣು, ಅದಕ್ಕೆ “ಅಕ್ಕಾರ, ತಲ್ಯಾಗ ಮುಡಸ್ರಿ” ಎಂದು ಬಗ್ಗಿದಳು. ಮುಡಿಸಿದೆ. ಮನಸ್ಸು ತಡೆಯಲಿಲ್ಲ, “ಸಾಹೇಬ್ರು ಬಂದಿದ್ರೇನ?” ಎಂದು ಕೇಳಿದೆ.

“ಇಲ್ರಿ. ಅಲ್ಲೆಲ್ಲ ಮಂದಿ ಕೂಡಿದ್ದು ಕಾಣತಿತ್ತು. ಬರಬಹುದು ಅಂತ ಮಧ್ಯಾಹ್ನ ಕೈ ತೊಳಕೊಂಡು ಕುಂತಿದ್ದೆ” ಎಂದಳು. ಆಮೇಲೆ ಮತ್ತೆ ಮಣ್ಣು ತುಳಿಯತೊಡಗಿದಳು.

ಪೂಜೆ ಮುರಿದದ್ದಕ್ಕೆ ಯಾರ ಮನೆಗೂ ಏನೂ ಆಗಲಿಲ್ಲ, ಇದನ್ನು ಕೇಳುವವರಿಗಾಗಿ ಹೇಳಿದೆ. ಐದನೇ ಗ್ರೀನ್ ಈಗಲೂ ಹಸಿರಾಗಿದೆ, ನಾನೇ ನೋಡಿಕೊಳ್ಳುತ್ತೇನೆ, ಹುಲ್ಲಿನ ಮೇಲೆ ನನಗೇನು ಸಿಟ್ಟಿಲ್ಲ. ಮತ್ತೆ ದಸರೆ ಹತ್ತಿರ ಬಂತು. “ಹಬ್ಬದ ದಿನ ಬನ್ನಿ ಒಲ್ಲೆ ಅನಬಾರದು, ಈ ಸಲ ತಗೋ” ಎಂದು ಮನೆಯವರು ಹೇಳುತ್ತಿದ್ದಾರೆ. ತೆಗೆದುಕೊಳ್ಳುವುದಿಲ್ಲ. ನನಗೆ ಉರಿಯುವುದು ಒಡ್ಡು ಕಡಿಸಿದ್ದಕ್ಕಲ್ಲ. ಗಂಗವ್ವ ಎಲ್ಲ ಮರೆಯಲು ಕೈ ತೊಳೆದುಕೊಂಡು ಕೂತಿದ್ದಳು, ಆ ಮನುಷ್ಯನಿಗೆ ಅಷ್ಟು ದೂರ ನಡೆದು ಬರಲು ಆಗಲಿಲ್ಲ.